ಫರ್ಮಾಗುಡಿಯ ಗುಡ್ಡ, ಫೋಂಡಾದ ಪೇಟೆ: ಆರು ವರ್ಷ ಉಂಡು ಅಲೆದ ಮೇಲೆ

ಗೋವಾದಲ್ಲಿ ಓದಲು ಸೀಟು ಸಿಕ್ಕಿತು ಎಂದಾಗ ವಿಜಯಪುರದ ನೆಂಟರೆಲ್ಲ ಕೇಳಿದ್ದು ಒಂದೇ ಮಾತು: ಕಾಲೇಜಿನಿಂದ ಸಮುದ್ರ ಎಷ್ಟು ದೂರ? ಫರ್ಮಾಗುಡಿಗೆ ಸಮುದ್ರದ ಗಾಳಿಯೂ ಬೀಸುವುದಿಲ್ಲ. ಗೋವಾ ಎಂಜಿನಿಯರಿಂಗ್ ಕಾಲೇಜು ಇರುವ ಈ ಗುಡ್ಡ ಇಳಿದರೆ ಫೋಂಡಾ ಪೇಟೆ, ಅದರ ಸುತ್ತ ಅಡಿಕೆ ತೋಟ, ತೋಟದ ನಡುವೆ ದೇವಸ್ಥಾನ. ನಾಲ್ಕು ವರ್ಷ ವಿದ್ಯಾರ್ಥಿನಿಯಾಗಿದ್ದೆ. ಈಗ ಎರಡು ವರ್ಷದಿಂದ ಕುಂಡಯಿಯ ಕೈಗಾರಿಕಾ ವಸಾಹತಿನಲ್ಲಿ ಕೆಲಸ. ಬೆಳಗಾವಿ, ಹುಬ್ಬಳ್ಳಿ, ಕಾರವಾರದ ಕಡೆಯಿಂದ ಪ್ರತಿವರ್ಷ ಬರುವ ಮಕ್ಕಳಿಗೆ ನಾನು ಹೇಳುವುದಿಷ್ಟು: ಪ್ರತಿ ಭಾನುವಾರ ಕಡಲತೀರಕ್ಕೆ ಓಡಬೇಡಿ, ಅರ್ಧ ದಿನ ಬಸ್ಸಿನಲ್ಲೇ ಹೋಗುತ್ತದೆ. ಅದೇ ಅರ್ಧ ದಿನ, ಜೇಬಿನಲ್ಲಿ ನೂರು ರೂಪಾಯಿ, ಕಾಲಿಗೆ ಗಟ್ಟಿ ಚಪ್ಪಲಿ ಇದ್ದರೆ ಫೋಂಡಾ ಸಾಕು.

ಮೊದಲು ಹೊಟ್ಟೆಯ ವಿಷಯ. ಇಲ್ಲಿಯ ಭಾಜಿ-ಪಾವ್ ಮುಂಬೈಯ ಪಾವ್ ಭಾಜಿಯಲ್ಲ. ಪಾತಳ ಭಾಜಿ ಎಂದರೆ ಬಟಾಣಿ ಹಾಕಿದ, ತೆಂಗಿನಕಾಯಿ ಮಸಾಲೆಯ ತೆಳು ಪದಾರ್ಥ. ಸುಕಿ ಭಾಜಿ ಎಂದರೆ ನಮ್ಮ ಆಲೂಗಡ್ಡೆ ಪಲ್ಯದ ತಂಗಿ. ಎರಡೂ ಒಂದೇ ತಟ್ಟೆಯಲ್ಲಿ ಬೇಕಾದರೆ ‘ಮಿಕ್ಸ್’ ಎನ್ನಬೇಕು. ಇದನ್ನು ತಿನ್ನಬೇಕಾದದ್ದು ಬೆಳಿಗ್ಗೆ ಏಳಕ್ಕೆ ಮೊದಲು, ಮಾರುಕಟ್ಟೆ ಹತ್ತಿರದ ಸಣ್ಣ ಹೋಟೆಲುಗಳಲ್ಲಿ. ಆಗಷ್ಟೇ ಪೊದೇರ, ಅಂದರೆ ಪಾವ್ ಮಾರುವವನು, ಸೈಕಲ್ಲಿನ ಹಾರ್ನ್ ಒತ್ತುತ್ತ ಬಂದಿರುತ್ತಾನೆ. ಬುಟ್ಟಿಯ ಮೇಲಿನ ಪ್ಲಾಸ್ಟಿಕ್ ಹಾಳೆ ಸರಿಸಿದರೆ ಅದರ ಒಳಮೈಯಲ್ಲಿ ಹಬೆಯ ಹನಿ ಕೂತಿರುತ್ತದೆ. ನನಗೆ ತಿನ್ನುವ ಕ್ರಮ ಕಲಿಸಿದವನು ಅಲ್ಲಿ ಬಡಿಸುತ್ತಿದ್ದ ಹಾವೇರಿಯ ಹುಡುಗ. “ಅಕ್ಕಾ, ಪಾವನ್ನು ಮುಳುಗಿಸಬೇಡಿ, ಅಂಚು ಅದ್ದಿ ತೆಗೆಯಿರಿ. ಮುಳುಗಿಸಿದರೆ ಕೈಗೆ ಮುದ್ದೆಯೇ ಬರುತ್ತದೆ” ಎಂದ. ಇವತ್ತಿಗೂ ಹಾಗೆಯೇ ತಿನ್ನುತ್ತೇನೆ. ಮೃದುವಾದ ಪಾವಿಗಿಂತ ಪೊಯ್ ನನಗೆ ಹೆಚ್ಚು ಇಷ್ಟ: ಮೇಲೆ ತವುಡು, ಒಳಗೆ ಟೊಳ್ಳು, ಹರಿಯಲು ಸ್ವಲ್ಪ ಜಗ್ಗಬೇಕು. ಜೋಳದ ರೊಟ್ಟಿ ತಿಂದು ಬೆಳೆದ ಹೊಟ್ಟೆಗೆ ಹತ್ತುವುದು ಅದೇ. ಜೊತೆಗೆ ಒಂದು ಬನ್ಸ್, ಒಂದು ಮಿರ್ಚಿ, ಚಹಾ. ಹತ್ತು ಗಂಟೆಗೆ ಹೋದರೆ ತಳ ಹತ್ತಿದ ಭಾಜಿ ಸಿಗುತ್ತದೆ. ಆಗ ನನ್ನನ್ನು ಬೈಯಬೇಡಿ.

ಮೀನಿನ ಮಾತು ಕಾರವಾರದ ನನ್ನ ಗೆಳತಿಯದು, ನಾನು ತಿನ್ನುವುದಿಲ್ಲ. ಮಧ್ಯಾಹ್ನದ ಮೀನು ಸಾರು-ಅನ್ನಕ್ಕೆ ಅವಳು ಪೂರ್ಣ ಅಂಕ ಕೊಡುತ್ತಾಳೆ, ಜೂನ್ 1ರಿಂದ ಜುಲೈ 31ರವರೆಗೆ ಬಿಟ್ಟು. ಆ 61 ದಿನ ಯಾಂತ್ರಿಕ ದೋಣಿಗಳಿಗೆ ನಿಷೇಧ. ತಾಜಾ ಬಂಗಡೆ ಅಪರೂಪವಾಗಿ ಒಣಮೀನಿನ ದಿನಗಳು ಶುರುವಾಗುತ್ತವೆ. ಸಂಜೆಯ ಗಾಡಿಗಳಲ್ಲಿ ಸಿಗುವ ರಸ್ ಆಮ್ಲೆಟ್ಟಿನ ಮೇಲೆ ಹೊಯ್ಯುವುದು ಕೋಳಿಯ ಶಾಕುತಿ ಸಾರು. ಸಸ್ಯಾಹಾರಿಗಳು ಕೇಳಿಯೇ ತಿನ್ನಿ. ನನ್ನಂಥವರಿಗೆ ಮಳೆಗಾಲ ಕೊಡುವುದು ಅಳಮಿ: ಹುತ್ತದ ಮೇಲೆ ಏಳುವ ಕಾಡು ಅಣಬೆ. ಎಲೆಯಲ್ಲಿ ಸುತ್ತಿ ರಸ್ತೆಬದಿಯಲ್ಲಿ ಮಾರುತ್ತಾರೆ. ಬೆಲೆ ಕೇಳಿ ಎದೆ ಧಸಕ್ಕೆನ್ನುತ್ತದೆ, ಆದರೂ ವರ್ಷಕ್ಕೊಮ್ಮೆ ನಾಲ್ವರು ಹಣ ಕೂಡಿಸಿ ತಂದು ಪಲ್ಯ ಮಾಡುತ್ತೇವೆ.

ಒಂದು ಕಹಿಯನ್ನೂ ಹೇಳಬೇಕು. ಮೂರನೆಯ ವರ್ಷ ಒಂದು ಖಾನಾವಳಿಗೆ ತಿಂಗಳ ಹಣ ಮುಂಗಡ ಕೊಟ್ಟೆ. ಎರಡನೆಯ ವಾರಕ್ಕೆ ಬೇಳೆ ಸಾರಿನಿಂದ ಬೇಳೆ ಮಾಯವಾಯಿತು, ಉಳಿದ ಹಣ ಕೇಳಿದರೆ ನಾಳೆ ಬಾ ಎಂಬ ಉತ್ತರ. ಆ ನಾಳೆ ಬರಲೇ ಇಲ್ಲ. ವಾರದ ಲೆಕ್ಕಕ್ಕೆ ಒಪ್ಪುವ ಕಡೆಯೇ ಊಟ ಹಚ್ಚಿರಿ.

ಇನ್ನು ತಿರುಗಾಟ. ನಾಗೇಶಿ ದೇವಸ್ಥಾನಕ್ಕೆ ಗುಡ್ಡದಿಂದ ನಡೆದೇ ಇಳಿಯಬಹುದು. ಅಲ್ಲಿ 1413ರ ಶಾಸನವಿದೆ, ಮೀನು ತುಂಬಿದ ಪುಷ್ಕರಣಿಯಿದೆ, ಸಭಾಮಂಟಪದಲ್ಲಿ ರಾಮಾಯಣದ ಮರದ ಕೆತ್ತನೆಯಿದೆ. ಪರೀಕ್ಷೆಯ ಹಿಂದಿನ ಸಂಜೆಗಳನ್ನು ನಾನು ಕಳೆದದ್ದು ಆ ಪುಷ್ಕರಣಿಯ ಮೆಟ್ಟಿಲ ಮೇಲೆ. ಪಣಜಿ ಬಸ್ ಹಿಡಿದರೆ ಮಾರ್ದೋಳದ ಮ್ಹಾಳಸಾ, ಮುಂದೆ ಮಂಗೇಶಿ. ಫೋಂಡಾದ ಇನ್ನೊಂದು ಬದಿಗೆ ಕವಳೆಯ ಶಾಂತಾದುರ್ಗಾ. ಬರೀ ಫೋಟೋ ತೆಗೆದು ಬರುವ ಜಾಗಗಳಲ್ಲ ಇವು. ಪೋರ್ಚುಗೀಸರು ಕಡಲಬದಿಯ ಗುಡಿಗಳನ್ನು ಕೆಡವುತ್ತಿದ್ದಾಗ ಜನ ತಮ್ಮ ದೇವರನ್ನು ಹೊತ್ತು ನದಿ ದಾಟಿ ಬಂದದ್ದು ಈ ಕಡೆಗೆ. ಕುಠ್ಠಾಳಿಯಿಂದ ಮಂಗೇಶ 1560ರಲ್ಲಿ ಬಂದ, ವೆರ್ಣೆಯಿಂದ ಮ್ಹಾಳಸೆ ಬಂದಳು, ಕೇಳಶಿಯಿಂದ ಶಾಂತಾದುರ್ಗೆ. ಆಗ ಈ ಸೀಮೆ ನಮ್ಮ ವಿಜಯಪುರದ ಆದಿಲ್‌ಶಾಹಿಗಳದು. ನಾಲ್ಕು ವರ್ಷ ಇಲ್ಲಿದ್ದೂ ಇದನ್ನು ಕೇಳದೆ ಹೋಗುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ.

ಮಸಾಲೆ ತೋಟಗಳು ಪ್ರವಾಸಿಗರಿಗೆ ಸರಿ, ವಿದ್ಯಾರ್ಥಿಯ ಜೇಬಿಗೆ ಭಾರ. ತಾಂಬಡಿ ಸುರ್ಲಾಕ್ಕೆ ಮಾತ್ರ ಬೈಕು ಬಾಡಿಗೆಗೆ ಪಡೆದಾದರೂ ಹೋಗಿ. ಕಾಡಿನೊಳಗೆ, ಹೊಳೆಯ ದಂಡೆಯಲ್ಲಿ, ಕದಂಬರ ಕಾಲದ ಕಪ್ಪು ಕಲ್ಲಿನ ಪುಟ್ಟ ಮಹಾದೇವ ಗುಡಿ. ದಿನವೂ ಹತ್ತುವ ಸರ್ಕಾರಿ ಬಸ್ಸಿನ ಮೈಮೇಲೆ ಬರೆದ ‘ಕದಂಬ’ ಎಂಬ ಹೆಸರು ಎಲ್ಲಿಂದ ಬಂತೆಂದು ಅಲ್ಲಿ ನಿಂತಾಗ ನನಗೆ ಮೈಗೆ ತಾಗುವ ಹಾಗೆ ತಿಳಿಯಿತು. ಬಸ್ಸಿನ ಬಗ್ಗೆ ಒಂದೇ ದೂರು: ಹಗಲು ಒಂದರ ಹಿಂದೆ ಒಂದು, ರಾತ್ರಿಯಾದರೆ ಇಲ್ಲ. ಮಾಘದಲ್ಲಿ ಕವಳೆಯ ಜಾತ್ರೆ ಮುಗಿಸಿ ಪೇಟೆಯಿಂದ ಗುಡ್ಡಕ್ಕೆ ಮೊಬೈಲ್ ಬೆಳಕಿನಲ್ಲಿ ನಡೆದು ಹತ್ತಿದ್ದೇವೆ. ಕಟ್ಟಿಸಿಕೊಂಡು ಬಂದ ಖಾಜೆ ಹಾಸ್ಟೆಲ್ ಬಾಗಿಲಿಗೆ ಬರುವಷ್ಟರಲ್ಲಿ ಖಾಲಿಯಾಗಿತ್ತು.

ಕಳೆದ ಚಳಿಗಾಲ ಅವ್ವ ಬಂದಿದ್ದಳು. ಕಡಲು ತೋರಿಸು ಎಂದಳು, ತೋರಿಸಿದೆ. ಮರುದಿನ ಫೋಂಡಾದ ಸಫಾ ಮಸೀದಿಗೆ ಕರೆದೊಯ್ದೆ. ಇದೂ 1560ರಲ್ಲಿ ಆದಿಲ್‌ಶಾಹಿಗಳು ಕಟ್ಟಿಸಿದ್ದು. ಎತ್ತರದ ಜಗಲಿ, ಹೆಂಚಿನ ಇಳಿಜಾರು ಮಾಡು, ಪಕ್ಕದಲ್ಲಿ ಕೆಂಪು ಜಂಬಿಟ್ಟಿಗೆಯ ಕೊಳ. ಕೊಳದ ಒಳಗೋಡೆಗೆ ಸಾಲಾಗಿ ಕಮಾನಿನ ಗೂಡುಗಳು, ಹಸಿರು ನೀರಿನಲ್ಲಿ ಅವುಗಳ ನೆರಳು. ಅವ್ವ ಚಪ್ಪಲಿ ಬಿಟ್ಟು ಮೆಟ್ಟಿಲ ಮೇಲೆ ಕೂತು ಆ ಕಮಾನುಗಳನ್ನೇ ನೋಡಿದಳು. “ನಮ್ಮ ವಿಜಯಪುರದ ತಾಜ್ ಬಾವಡಿಯ ಹಾಗೇ ಇದೆಯಲ್ಲ ಮಗಳೇ. ಮನೆ ಇಷ್ಟು ಹತ್ತಿರ ಇರುವಾಗ ಫೋನಿನಲ್ಲಿ ಯಾಕೆ ಅಳುತ್ತಿದ್ದೆ?” ಎಂದು ಕೇಳಿದಳು. ನಾನು ಅವಳ ಪಕ್ಕ ಕೂತು, ಬೆಳಿಗ್ಗೆ ಕಟ್ಟಿಸಿಕೊಂಡು ತಂದಿದ್ದ ಬನ್ಸ್ ಪೊಟ್ಟಣ ಬಿಚ್ಚಿದೆ.