ಹಳೆಯ ಜಿಪ್ಸಿಗೆ ಜಿಮ್ನಿಯ ಅಲಾಯ್, 215ರ ಟೈರು: ಹದಿನಾಲ್ಕು ತಿಂಗಳ ಬಳಕೆಯ ನಂತರ

ಸಕಲೇಶಪುರದ ಕಡೆಯ ನಮ್ಮ ತೋಟದಲ್ಲಿ ದುಡಿಯುತ್ತಿರುವ 2008ರ ಜಿಪ್ಸಿ ಕಿಂಗ್‌ಗೆ ಕಳೆದ ವರ್ಷ ಮೇ ತಿಂಗಳಿನಲ್ಲಿ, ಮಳೆ ಹಿಡಿಯುವ ಮೊದಲೇ, ಮಾರುತಿ ಜಿಮ್ನಿಯ ಐದು ಅಲಾಯ್ ಚಕ್ರಗಳನ್ನೂ ಅವುಗಳ ಮೇಲೆ 215/75 ಆರ್15 ಅಳತೆಯ (ಅಂದರೆ 215 ಮಿ.ಮೀ. ಅಗಲ, ಅದರ ಶೇಕಡಾ 75ರಷ್ಟು ಬದಿಯ ಎತ್ತರ, 15 ಇಂಚಿನ ರಿಮ್) ಎ.ಟಿ., ಎಂದರೆ ಎಲ್ಲ ಬಗೆಯ ನೆಲಕ್ಕೂ ಆಗುವ, ಟೈರುಗಳನ್ನೂ ಹಾಕಿಸಿದೆ. ಒಂದು ಪೂರ್ಣ ಮಳೆಗಾಲ, ಒಂದು ಕಾಫಿ ಕೊಯ್ಲು, ಹಾಗೂ ಈ ಸಲದ ಮಳೆಗಾಲದ ಆರಂಭ, ಇಷ್ಟನ್ನು ಈ ಚಕ್ರಗಳ ಮೇಲೆ ಕಳೆದ ನಂತರ ನನ್ನ ಅಭಿಪ್ರಾಯ ಇದು: ಚಕ್ರಗಳ ವಿಷಯದಲ್ಲಿ ಯಾವ ಹಿಂಜರಿಕೆಯೂ ಬೇಡ, ಯೋಚಿಸಬೇಕಾದದ್ದು ಟೈರಿನ ಅಳತೆಯನ್ನು.

ಜಿಪ್ಸಿ 1985ರಲ್ಲಿ ಬಂದ ಗಾಡಿ. 1996ರಲ್ಲಿ 1298 ಸಿ.ಸಿ. ಎಂಜಿನ್‌ನೊಂದಿಗೆ ಜಿಪ್ಸಿ ಕಿಂಗ್ ಆಯಿತು, ಮುಂದೆ ಎಂ.ಪಿ.ಎಫ್.ಐ. (ಪ್ರತಿ ಸಿಲಿಂಡರಿಗೂ ಪೆಟ್ರೋಲ್ ಸಿಂಪಡಿಸುವ) ಎಂಜಿನ್ ಪಡೆದು 80 ಅಶ್ವಶಕ್ತಿಗೆ ಏರಿತು, 2019ರಲ್ಲಿ ತಯಾರಿಕೆ ನಿಂತಿತು. ಐದು ಬಾಗಿಲಿನ ಜಿಮ್ನಿ ನಮ್ಮ ಮಾರುಕಟ್ಟೆಗೆ ಬಂದದ್ದು 2023ರ ಜೂನ್‌ನಲ್ಲಿ. ಎರಡರ ನಡುವೆ ಮೂರು ದಶಕಗಳಿಗೂ ಮೀರಿದ ಅಂತರವಿದ್ದರೂ ಚಕ್ರ ಕೂರಿಸುವ ಅಳತೆಯನ್ನು ಸುಜುಕಿಯವರು ಬದಲಾಯಿಸಲಿಲ್ಲ. ಎರಡಕ್ಕೂ 139.7 ಮಿ.ಮೀ. ವೃತ್ತದಲ್ಲಿ ಐದು ಬೋಲ್ಟುಗಳು, ನಟ್ಟಿನ ತಿರುಪುಗೆರೆ (ಥ್ರೆಡ್) 12×1.25 ಮಿ.ಮೀ., ರಿಮ್ಮಿನ ವ್ಯಾಸ 15 ಇಂಚು. ಆದ್ದರಿಂದ ಅಡಾಪ್ಟರ್, ಸ್ಪೇಸರ್ ಮುಂತಾದ ನಡುವಿನ ತುಂಡುಗಳಿಲ್ಲದೆ ಜಿಮ್ನಿಯ ಚಕ್ರ ಜಿಪ್ಸಿಯ ಹಬ್‌ಗೆ (ಚಕ್ರ ಕೂರುವ ನಡುಭಾಗಕ್ಕೆ) ನೇರವಾಗಿ ಕೂರುತ್ತದೆ. ಹೊಸ ಜಿಮ್ನಿ ಕೊಂಡವರಲ್ಲಿ ಹಲವರು ಶೋರೂಮಿನಿಂದ ಹೊರಬಂದ ವಾರದೊಳಗೇ ಬೇರೆ ಚಕ್ರ ಹಾಕಿಸಿ ಮೂಲ ಅಲಾಯ್‌ಗಳನ್ನು ಮಾರಿಬಿಡುವುದರಿಂದ, ಮಣ್ಣು ಕಾಣದ ಚಕ್ರಗಳು ಸೆಕೆಂಡ್ ಹ್ಯಾಂಡ್ ಬೆಲೆಗೆ ದೊರೆಯುತ್ತವೆ. ಅವರ ಷೋಕಿಯಿಂದ ನಮಗೆ ಲಾಭವಾಯಿತು.

ನನ್ನ ಹಳೆಯ ಸ್ಟೀಲ್ ರಿಮ್‌ಗಳ ಅಂಚು ತುಕ್ಕು ಹಿಡಿದು, ಟ್ಯೂಬ್ ಹಾಕದೆ ಗಾಳಿ ನಿಲ್ಲದ ಸ್ಥಿತಿಗೆ ಬಂದಿದ್ದವು. ಮಲೆನಾಡಿನ ಮಳೆಯಲ್ಲಿ, ಅದೂ ಕತ್ತಲಾದ ಮೇಲೆ, ಟ್ಯೂಬಿನ ಪಂಕ್ಚರ್ ಹಾಕಿಸಲು ಪೇಟೆಗೆ ಚಕ್ರ ಹೊತ್ತೊಯ್ಯುವ ಕಷ್ಟ ಅನುಭವಿಸಿದವರಿಗೇ ಗೊತ್ತು. ಈಗ ಟ್ಯೂಬ್‌ಲೆಸ್ ಆದ ಮೇಲೆ ಎರಡು ಬಾರಿ ಮೊಳೆ ಚುಚ್ಚಿದೆ. ಎರಡು ಬಾರಿಯೂ ತೋಟದಲ್ಲೇ ಹತ್ತು ನಿಮಿಷದಲ್ಲಿ ರಬ್ಬರ್ ಬತ್ತಿ ತುರುಕಿ ಮುಂದೆ ಹೋಗಿದ್ದೇನೆ. ಬೇರೇನೂ ಸುಧಾರಿಸದಿದ್ದರೂ ಇಷ್ಟಕ್ಕಾಗಿಯೇ ಹಣ ಕೊಟ್ಟದ್ದು ಸಾರ್ಥಕವೆನ್ನುತ್ತಿದ್ದೆ.

ಜೋಡಣೆಯಲ್ಲಿ ಒಂದು ಸಣ್ಣ ಕೊರತೆಯಿದೆ. ನನ್ನ ಗಾಡಿಯ ಮುಂದಿನ ಹಬ್ ಹೊರಕ್ಕೆ ಚಾಚಿಕೊಂಡಿರುವುದರಿಂದ ಜಿಮ್ನಿಯ ನಡುಮುಚ್ಚಳ ಅಲ್ಲಿ ಕೂರುವುದಿಲ್ಲ. ಎರಡು ಮುಚ್ಚಳಗಳು ಕಪಾಟು ಸೇರಿದವು. ನೋಟದ ಬಗ್ಗೆ ಹೇಳುವುದಾದರೆ, ಪಂಚೆ ಉಟ್ಟ ಅಜ್ಜನಿಗೆ ಸ್ಪೋರ್ಟ್ಸ್ ಶೂ ತೊಡಿಸಿದಂತೆ ಮೊದಲ ವಾರ ಕಂಡಿತು. ಕೆಂಪು ಮಣ್ಣು ಮೆತ್ತಿದ ಮೇಲೆ ಆ ಭೇದವೂ ಉಳಿಯಲಿಲ್ಲ.

ಇನ್ನು ಟೈರಿನ ಲೆಕ್ಕ. ಜಿಪ್ಸಿ ಕಿಂಗ್‌ನ ಮೂಲ ಟೈರು 205/70 ಆರ್15. ಅದರ ವ್ಯಾಸ ಸುಮಾರು 668 ಮಿ.ಮೀ. ಜಿಮ್ನಿಯ ಮೂಲ ಟೈರು 195/80 ಆರ್15; ವ್ಯಾಸ 693. ನಾನು ಹಾಕಿಸಿದ 215/75ರ ವ್ಯಾಸ 703ಕ್ಕಿಂತ ತುಸು ಹೆಚ್ಚು. ಅಂದರೆ ಮೂಲಕ್ಕಿಂತ ಶೇಕಡಾ 5.3ರಷ್ಟು ದೊಡ್ಡದು, ಮತ್ತು ಹೆಚ್ಚಿದ ವ್ಯಾಸದ ಅರ್ಧದಷ್ಟು, ಹದಿನೇಳು ಹದಿನೆಂಟು ಮಿ.ಮೀ.ನಷ್ಟು ಮಾತ್ರ, ಆಕ್ಸಲ್ ನೆಲದಿಂದ ಮೇಲೇರುತ್ತದೆ. ಕಾಗದದ ಮೇಲೆ ಇದು ಒಂದು ಬೆರಳಿನಗಲ. ಆದರೆ ಗಾಲಿಗಳು ಕೊರೆದ ಹಳ್ಳಗಳ ನಡುವೆ ಮಣ್ಣು ದಿಬ್ಬವಾಗಿ ನಿಂತ ತೋಟದ ದಾರಿಯಲ್ಲಿ ಆಕ್ಸಲ್ ನಡುವಿನ ಡಿಫರೆನ್ಷಿಯಲ್‌ನ (ಎರಡು ಚಕ್ರಗಳಿಗೆ ಶಕ್ತಿ ಹಂಚುವ ಗೇರಿನ) ಗುಂಡು ಮೊದಲು ಒರೆಸಿಕೊಂಡು ಹೋಗುತ್ತಿದ್ದ ಮೂರು ಜಾಗಗಳಲ್ಲಿ ಈಗ ಎರಡರಲ್ಲಿ ಮುಟ್ಟದೆ ದಾಟುತ್ತದೆ. ಹಿಡಿತದಲ್ಲಿ ಆದ ಬದಲಾವಣೆ ಇದಕ್ಕಿಂತ ದೊಡ್ಡದು: ಜುಲೈನಲ್ಲಿ ಫೋರ್ ಲೋಗೆ (ನಾಲ್ಕೂ ಚಕ್ರಗಳಿಗೆ ಶಕ್ತಿ ಕೊಡುವ ನಿಧಾನದ ಗೇರಿಗೆ) ಹಾಕಿ ಹತ್ತಿಸುತ್ತಿದ್ದ ಕೆರೆ ಪಕ್ಕದ ಏರನ್ನು ಈಗ ಅದರ ವೇಗದ ಗೇರಾದ ಫೋರ್ ಹೈನಲ್ಲೇ ಹತ್ತಿಸುತ್ತೇನೆ. ಇದರ ಶ್ರೇಯಸ್ಸು ಅಳತೆಗಿಂತ ಟೈರಿನ ಹಲ್ಲಿಗೆ ಸಲ್ಲಬೇಕು.

ಇದಕ್ಕೆ ಬೆಲೆ ತೆರುವುದು ಎಂಜಿನ್. ಜಿಪ್ಸಿಯ ಟಾರ್ಕ್ (ಎಂಜಿನ್ನಿನ ತಿರುಗಿಸುವ ಬಲ) 103 ನ್ಯೂಟನ್ ಮೀಟರ್, ಅದು ಪೂರ್ತಿ ಸಿಗುವುದು 4500 ಆರ್.ಪಿ.ಎಂ.ನಲ್ಲಿ. ಜಿಮ್ನಿಯ ಒಂದೂವರೆ ಲೀಟರ್ ಎಂಜಿನ್ನಿಗೆ 134 ಇದೆ. ಚಕ್ರ ದೊಡ್ಡದಾದಷ್ಟೂ ಪ್ರತಿ ಗೇರೂ ಅಷ್ಟೇ ಉದ್ದವಾಗುತ್ತದೆ, ಅಂದರೆ ಎಂಜಿನ್ನಿನ ಒಂದು ಸುತ್ತಿಗೆ ಗಾಡಿ ಹೆಚ್ಚು ದೂರ ಸಾಗಬೇಕಾಗುತ್ತದೆ, ಕೆಳಗಿನ ಆರ್.ಪಿ.ಎಂ.ನಲ್ಲಿ ಮೊದಲೇ ಸೋಮಾರಿಯಾದ ಎಂಜಿನ್ ಇನ್ನಷ್ಟು ಉಸಿರು ಕಟ್ಟುತ್ತದೆ. ಶಿರಾಡಿ ಘಾಟಿಯಲ್ಲಿ ಮೊದಲು ನಾಲ್ಕನೆಯ ಗೇರಿನಲ್ಲಿ ಎಳೆಯುತ್ತಿದ್ದ ಏರುಗಳಲ್ಲಿ ಈಗ ಮೂರಕ್ಕೆ ಇಳಿಯಬೇಕು, ಲಾರಿಯ ಹಿಂದೆ ಸಿಕ್ಕಿಕೊಂಡರಂತೂ ಎರಡಕ್ಕೆ. ಐದನೆಯ ಗೇರು ಹಾಸನದ ಆಚೆಯ ಸಮತಟ್ಟಿನಲ್ಲಿ ಮಾತ್ರ ಉಪಯೋಗಕ್ಕೆ ಬರುತ್ತದೆ. ಇಲ್ಲಿ ಹಲವರು ಮರೆಯುವ ಒಂದು ಅಂಶವಿದೆ: ನಾವು ಬದಲಾಯಿಸುವಾಗ ಹಳೆಯ ಟೈರು ಸವೆದಿರುತ್ತದೆ. ಆರು ಮಿ.ಮೀ. ಹಲ್ಲು ಸವೆದಿದ್ದರೆ ವ್ಯಾಸದಲ್ಲಿ ಹನ್ನೆರಡು ಕಡಿಮೆ. ಆಗ ಹೊಸದಕ್ಕೂ ಹಳೆಯದಕ್ಕೂ ನಿಜವಾದ ಅಂತರ ಶೇಕಡಾ ಏಳನ್ನು ದಾಟುತ್ತದೆ. ಮೊದಲ ದಿನ ಗಾಡಿ ಅಷ್ಟು ಭಾರವೆನಿಸಿದ್ದಕ್ಕೆ ಇದೂ ಒಂದು ಕಾರಣ.

ಮೈಲೇಜ್ ಬಿತ್ತೆಂದು ದೂರುವ ಮೊದಲು ಮೀಟರನ್ನು ಪರೀಕ್ಷಿಸುವುದು ಒಳ್ಳೆಯದು. ಹೆದ್ದಾರಿಯ ಮೈಲಿಗಲ್ಲುಗಳ ಲೆಕ್ಕದಲ್ಲಿ ಇಪ್ಪತ್ತು ಕಿಲೋಮೀಟರ್ ಓಡಿದಾಗ ನನ್ನ ಮೀಟರ್ ತೋರಿಸಿದ್ದು ಹತ್ತೊಂಬತ್ತು. ಆದ್ದರಿಂದ ಮೀಟರಿನ ಪ್ರಕಾರ ಲೀಟರಿಗೆ ಹತ್ತು ಬಂದರೆ ನಿಜವಾಗಿ ಬಂದದ್ದು ಹತ್ತೂವರೆ. ನನ್ನ ನಿಜವಾದ ನಷ್ಟ ಲೀಟರಿಗೆ ಅರ್ಧ ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು. ವೇಗದ ವಿಷಯದಲ್ಲಿ ಇದೇ ತಪ್ಪು ಅಪಾಯದ ಕಡೆಗೆ ವಾಲುತ್ತದೆ. ಮುಳ್ಳು 80 ತೋರಿಸುವಾಗ ಗಾಡಿ 84ರಲ್ಲಿರುತ್ತದೆ.

ಈ ಗಾಡಿಗೆ ಪವರ್ ಸ್ಟೀರಿಂಗ್ ಇಲ್ಲ. ನಿಂತಲ್ಲೇ ತಿರುಗಿಸುವುದು ಮೊದಲೂ ಸುಲಭವಿರಲಿಲ್ಲ, ಈಗ ತೋಳಿಗೆ ವ್ಯಾಯಾಮವೇ ಸರಿ. ತೋಟದ ತಕ್ಕಡಿಯಲ್ಲಿ ತೂಗಿದಾಗ ಹೊಸ ಚಕ್ರ ಹಳೆಯದಕ್ಕಿಂತ ಸುಮಾರು ಮೂರು ಕೆ.ಜಿ. ಹೆಚ್ಚು ತೂಗಿತು, ಹಿಂಬದಿಯಲ್ಲಿ ನೇತಾಡುವ ಸ್ಟೆಪ್ನಿಯೂ ಅಷ್ಟೇ ಭಾರವಾದುದರಿಂದ ಅದನ್ನು ಹಿಡಿದಿರುವ ಬ್ರಾಕೆಟ್ಟಿನ ಬೋಲ್ಟುಗಳನ್ನು ಎರಡು ಸಲ ಬಿಗಿ ಮಾಡಿಸಬೇಕಾಯಿತು. ಗಾಳಿಯನ್ನು ಮಾತ್ರ ಟೈರಿನ ಮೇಲೆ ಬರೆದ ಗರಿಷ್ಠಕ್ಕೆ ತುಂಬಿಸಬೇಡಿ. ಒಂದು ಟನ್ ಆಸುಪಾಸಿನ, ಪಟ್ಟಿ ಸ್ಪ್ರಿಂಗಿನ ಈ ಹಗುರ ಗಾಡಿ ಹಾಗೆ ಮಾಡಿದರೆ ಕುದುರೆಯಂತೆ ಕುಣಿಯುತ್ತದೆ. ನಾನು ಡಾಂಬರಿಗೆ 26, ಕೆಸರಿಗೆ 18 ಪಿ.ಎಸ್.ಐ. ಇಡುತ್ತೇನೆ.

ಕೆಲಸ ಮಾಡಿಕೊಟ್ಟ ಟೈರ್ ಅಂಗಡಿಯ ಬಗ್ಗೆ ನನಗೆ ಎರಡು ಅಸಮಾಧಾನಗಳಿವೆ. ಮೊದಲನೆಯದು, ಹುಡುಗ ನಟ್ಟುಗಳನ್ನು ಗಾಳಿಯ ಗನ್ನಿನಲ್ಲೇ ಕೊನೆಯವರೆಗೆ ಹೊಡೆದ. ಬಿಗಿತ ಅಳೆಯುವ ಟಾರ್ಕ್ ವ್ರೆಂಚ್ ಕೇಳಿದಾಗ ನಕ್ಕ. ಅಲಾಯ್ ಚಕ್ರಕ್ಕೆ ನಟ್ಟು ಕೈಯಿಂದ ಕೂರಿಸಿ, ಅಡ್ಡಕ್ಕೊಂದರಂತೆ ಬಿಗಿದು, ನೂರು ಕಿಲೋಮೀಟರಿನೊಳಗೆ ಮತ್ತೊಮ್ಮೆ ನೋಡಬೇಕು. ಅದನ್ನು ಮನೆಯಲ್ಲಿ ನಾನೇ ಮಾಡಿಕೊಂಡೆ. ಎರಡನೆಯದು, ಸ್ಟೀರಿಂಗನ್ನು ಪೂರ್ತಿ ತಿರುಗಿಸಿ ಅವರು ನೋಡಿದ್ದು ಸಮತಟ್ಟಾದ ಸಿಮೆಂಟ್ ನೆಲದ ಮೇಲೆ. ಅಲ್ಲಿ ಏನೂ ತಗಲಲಿಲ್ಲ. ತೋಟದ ಚರಂಡಿಯಲ್ಲಿ ಒಂದು ಚಕ್ರ ಇಳಿದು ಇನ್ನೊಂದು ಮೇಲೆದ್ದಾಗ ಬಲಗಡೆಯ ಟೈರಿನ ಭುಜ ಸ್ಪ್ರಿಂಗಿಗೆ ಉಜ್ಜಿ ರಬ್ಬರ್ ಸುಲಿಯಿತು. ನಮ್ಮೂರಿನ ಮೆಕ್ಯಾನಿಕ್ ಸ್ಟೀರಿಂಗ್ ತಡೆಯುವ ಬೋಲ್ಟನ್ನು ಒಂದೂವರೆ ಸುತ್ತು ಹೊರಕ್ಕೆ ತೆಗೆದ ನಂತರ ಅದು ನಿಂತಿತು, ತಿರುವಿನ ವೃತ್ತ ಮಾತ್ರ ತುಸು ಹಿಗ್ಗಿತು. ಸ್ಪ್ರಿಂಗ್ ಕುಸಿದ ಗಾಡಿಯಾದರೆ ಚಕ್ರಕ್ಕೂ ಮೊದಲು ಸ್ಪ್ರಿಂಗಿಗೇ ಖರ್ಚು ಮಾಡುವುದು ಲೇಸು.

ಇದೇ ರಿಮ್ಮಿಗೆ 235/75 ಹಾಕಬಹುದೇ ಎಂದು ಕೇಳಿದವರಿದ್ದಾರೆ. ಆ ಟೈರಿಗೆ ಕನಿಷ್ಠ ಆರು ಇಂಚು ಅಗಲದ ರಿಮ್ ಬೇಕು, ಜಿಮ್ನಿಯದು ಐದೂವರೆ. ಮೇಲಾಗಿ ವ್ಯಾಸ ಮೂಲಕ್ಕಿಂತ ಸುಮಾರು ಶೇಕಡಾ ಹತ್ತರಷ್ಟು ಏರುತ್ತದೆ. ಗೇರಿನ ಅನುಪಾತ ಬದಲಿಸದೆ ಅದನ್ನು ಹಾಕಿದರೆ ಘಾಟಿಯಲ್ಲಿ ಗಾಡಿಯ ಜೊತೆ ನೀವೂ ಏದುಸಿರು ಬಿಡಬೇಕಾದೀತು. ಬದಲಿಗೆ, ವಾರಕ್ಕೆರಡು ಸಲ ಹೆದ್ದಾರಿ ಹಿಡಿಯುವವರಿಗೆ ನನ್ನ ಸಲಹೆ ಜಿಮ್ನಿಯ ಅಲಾಯ್‌ಗಳ ಜೊತೆಗೇ ಬರುವ 195/80. ವ್ಯಾಸದಲ್ಲಿ ನನ್ನದಕ್ಕಿಂತ ಹತ್ತೇ ಮಿ.ಮೀ. ಕಡಿಮೆ, ಅಗಲದಲ್ಲಿ ಕಿರಿದು, ಸ್ಟೀರಿಂಗಿಗೆ ಹಗುರ. ಅದರ ಹಲ್ಲು ರಸ್ತೆಯದಾದ್ದರಿಂದ ಆಳದ ಕೆಸರಿಗೆ ಆಗದು, ಆದರೆ ಗಾಡಿ ತೋಟಕ್ಕಿಂತ ಪೇಟೆ ಕಾಣುವುದೇ ಹೆಚ್ಚಾದರೆ ನಾನು ಕೊಟ್ಟ ಟೈರಿನ ದುಡ್ಡು ನಿಮಗೆ ಪೂರ್ತಿ ಉಳಿಯುತ್ತದೆ.

ಕಾನೂನಿನ ಮಾತನ್ನೂ ಬಿಡುವಂತಿಲ್ಲ. ತಯಾರಕರು ಸೂಚಿಸಿದ ಸ್ವರೂಪವನ್ನು ಮೀರಿ ವಾಹನವನ್ನು ಮಾರ್ಪಡಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ಮಿತಿ ಹಾಕುತ್ತದೆ, ಮತ್ತು 215/75 ಜಿಪ್ಸಿಗೆ ತಯಾರಕರು ಕೊಟ್ಟ ಅಳತೆಯಲ್ಲ. ವಿಮಾ ಕಂಪನಿಗೆ ಬದಲಾವಣೆಯನ್ನು ಬರೆದು ತಿಳಿಸಿದ್ದೇನೆ. ಹದಿನೈದು ವರ್ಷ ತುಂಬಿದ ಗಾಡಿಯ ಆರ್.ಸಿ. ನವೀಕರಣ ಐದು ವರ್ಷಕ್ಕೊಮ್ಮೆ ಬರುತ್ತದೆ. ನನ್ನದು ಮತ್ತೆ 2028ಕ್ಕೆ. ಆ ತಪಾಸಣೆಗೆ ಮೂಲ ಅಳತೆಯಲ್ಲೇ ಹೋಗಬೇಕೆಂದು ಹಳೆಯ ಐದು ಸ್ಟೀಲ್ ರಿಮ್‌ಗಳನ್ನು ಗುಜರಿಗೆ ಹಾಕದೆ, ತುಕ್ಕು ಉಜ್ಜಿಸಿ ಬಣ್ಣ ಹೊಡೆಸಿ, ಕಾಫಿ ಕಣದ ಪಕ್ಕದ ಗೋದಾಮಿನಲ್ಲಿ ಪೇರಿಸಿಟ್ಟಿದ್ದೇನೆ.