ಕೋಲಾರದಲ್ಲಿ ಕ್ಯಾನ್ವಾಸ್ ಪ್ರಿಂಟ್: ಬಂಡೆಗೆ ಫುಲ್ ಮಾರ್ಕ್ಸ್, ತಾಮ್ರಕ್ಕೆ ಇಲ್ಲ

ನಮ್ಮದು ಕಲ್ಲಿನ ವ್ಯಾಪಾರ. ಆಫೀಸಿನ ಗೋಡೆಗೆ ಅಂತ ನಾಲ್ಕಡಿ ಅಗಲದ ಕ್ಯಾನ್ವಾಸ್ ಪ್ರಿಂಟ್ ಒಂದನ್ನು ಇಲ್ಲೇ ಕೋಲಾರದ ಒಂದು ಸ್ಟುಡಿಯೋದಲ್ಲಿ ಮಾಡಿಸಿದೆ. ಫೋಟೊ ನನ್ನ ತಮ್ಮ ಫಿನ್‌ಲೆಂಡಿನ ಹೆಲ್ಸಿಂಕಿಯಲ್ಲಿ ತೆಗೆದದ್ದು, ಟೆಂಪೆಲಿಯಾವುಕಿಯೊ ಚರ್ಚಿನ ಒಳಗಡೆ. ಕಂಪ್ಯೂಟರ್ ಮುಂದೆ ಕೂತಿದ್ದ ಹುಡುಗ ನೋಡಿದವನೇ "ಯಾವ ಕ್ವಾರಿ ಅಣ್ಣಾ ಇದು?" ಅಂದ. ಅವನ ತಪ್ಪೇನಿಲ್ಲ ಬಿಡಿ. ಊರಿನ ನಡುವಿನ ಬಂಡೆಯನ್ನು ಸಿಡಿಸಿ, ಗುಂಡಗೆ ತೋಡಿ, ಮೇಲೆ 24 ಮೀಟರ್ ಅಗಲದ ತಾಮ್ರದ ಗುಮ್ಮಟ ಕೂರಿಸಿದ ಲೂಥರನ್ ಚರ್ಚು ಅದು. ಗಂಟೆಯೂ ಇಲ್ಲ, ರೆಕಾರ್ಡ್ ಮಾಡಿದ ಸದ್ದನ್ನು ಸ್ಪೀಕರಿನಲ್ಲಿ ಹಾಕುತ್ತಾರೆ.

ಬಂಡೆ ಸೂಪರಾಗಿ ಬಂದಿದೆ. ಬೂದು, ಕೆಂಪು, ನೇರಳೆ ಛಾಯೆ ಬೇರೆ ಬೇರೆಯಾಗಿ ಕಾಣುತ್ತವೆ, ಡ್ರಿಲ್ ಹಾಕಿದ ಗೆರೆಗಳೂ ಸಿಗುತ್ತವೆ. ನನಗೆ ಬೇಕಿದ್ದದ್ದೇ ಅದು. ಟಿಮೊ ಮತ್ತು ತುಒಮೊ ಸುಒಮಲೈನೆನ್ ಅನ್ನೋ ವಾಸ್ತುಶಿಲ್ಪಿ ಅಣ್ಣತಮ್ಮಂದಿರು ಈ ಚರ್ಚಿನ ವಿನ್ಯಾಸಕ್ಕೆ ಇಟ್ಟ 1961ರ ಸ್ಪರ್ಧೆಯಲ್ಲಿ ಗೆದ್ದಾಗ ನಕ್ಷೆಯಲ್ಲಿ ಬರೀ ಬಂಡೆಯ ಗೋಡೆ ಇರಲೇ ಇಲ್ಲವಂತೆ. ಯೋಚನೆ ಇತ್ತು, ಆದರೆ ತೀರ್ಪುಗಾರರು ಒಪ್ಪಲ್ಲ ಅಂತ ಕೈಬಿಟ್ಟಿದ್ದರು. ಆಮೇಲೆ ಆರ್ಕೆಸ್ಟ್ರಾ ನಿರ್ದೇಶಕ ಪಾವೊ ಬೆರ್ಗ್ಲುಂಡ್ ಮತ್ತು ಒಬ್ಬ ಧ್ವನಿತಜ್ಞ, ಬಂಡೆಯನ್ನು ಹಾಗೇ ಬಿಟ್ಟರೆ ಸಂಗೀತ ಚೆನ್ನಾಗಿ ಕೇಳುತ್ತೆ ಅಂದಿದ್ದಕ್ಕೆ ಉಳಿಯಿತು. ನಾವಿಲ್ಲಿ ಪಾಲಿಶ್ ಮಾಡದಿದ್ದರೆ ಕಲ್ಲನ್ನು ಕೇಳೋರೇ ಇಲ್ಲ, ಅಲ್ವಾ!

ತೊಂದರೆ ಇರುವುದು ಮೇಲ್ಭಾಗದಲ್ಲಿ. ಗುಮ್ಮಟಕ್ಕೂ ಬಂಡೆಗೂ ನಡುವೆ ಸುತ್ತಲೂ 180 ಗಾಜಿನ ಹಲಗೆಗಳಿವೆ, ಬೆಳಕು ಬರುವುದು ಅಲ್ಲಿಂದಲೇ. ಮೊದಲ ಪ್ರಿಂಟಿನಲ್ಲಿ ಅದೆಲ್ಲ ಸುಮ್ನೆ ಒಂದು ಬಿಳಿ ಪಟ್ಟಿ. ತಾಮ್ರವಂತೂ ಕಿತ್ತಳೆ ಸಿಪ್ಪೆ ಬಣ್ಣ, ಸುರುಳಿ ಸುತ್ತಿದ ಪಟ್ಟಿಗಳ ಗೆರೆ ಮಾಯ. ಫೋಟೊನೇ ಹಾಗಿದೆ ಅಂದರು. ಮೊಬೈಲಿನಲ್ಲಿ ಒರಿಜಿನಲ್ ತೋರಿಸಿದ ಮೇಲೆ, ಸ್ವಲ್ಪ ಗೊಣಗಿಕೊಂಡೇ, ದುಡ್ಡು ಕೇಳದೆ ಇನ್ನೊಂದು ಹಾಕಿಕೊಟ್ಟರು. ಈಗ ಗಾಜು ಎಣಿಸಬಹುದು, ತಾಮ್ರ ಮಾತ್ರ ಇನ್ನೂ ಜಾಸ್ತಿ ಕೆಂಪೇ.

ಕ್ಯಾನ್ವಾಸ್ ಗಟ್ಟಿಯಾಗಿದೆ, ಫ್ರೇಮಿನ ಮೂಲೆ ಒಂದು ಕಡೆ ಬಿಟ್ಟುಕೊಂಡಿದೆ. ಬಂದ ಗಿರಾಕಿಗಳಿಗೆ, ಈ ಚರ್ಚನ್ನು 1968ರಲ್ಲಿ ತೋಡೋಕೆ ಶುರುಮಾಡಿ 1969ರಲ್ಲೇ ತೆರೆದರು ಅಂದರೆ ಯಾರೂ ನಂಬಲ್ಲ. ಐದಕ್ಕೆ ಮೂರೂವರೆ ಕೊಡುತ್ತೇನೆ. ನೀವು ಮಾಡಿಸುವುದಾದರೆ ಬೆಳಕು ಜಾಸ್ತಿ ಇರುವ ಭಾಗದ ಒಂದು ಚಿಕ್ಕ ಸ್ಯಾಂಪಲ್ ಮೊದಲು ಹಾಕಿಸಿ ನೋಡಿ, ಆಮೇಲೆ ಅಡ್ವಾನ್ಸ್ ಕೊಡಿ.