ಮನೆ ಎತ್ತರಿಸೋದಾ, ಸರ್ಕಾರದ ಬ್ಲೂ ಏಕರ್ಸ್ ಯೋಜನೆಗೆ ಮಾರೋದಾ?

ನ್ಯೂಜೆರ್ಸಿಲಿ ನದಿ ಪಕ್ಕ ಮನೆ ಇರೋರು ಮೊದ್ಲು ಫ್ಲಡ್ ಮ್ಯಾಪ್ ನೋಡಿ, ವರ್ಷಕ್ಕೆ ಪ್ರವಾಹ ಬರೋ ಚಾನ್ಸ್ 1% ಅಂತಿರೋ ಝೋನ್ ಅಂದ್ರೆ 30 ವರ್ಷದ ಹೋಮ್ ಲೋನ್ ಮುಗಿಯೋದ್ರೊಳಗೆ ಹೆಚ್ಚುಕಮ್ಮಿ 26% ಆಗತ್ತೆ, ಸಣ್ಣದಲ್ಲ ಅದು.

ಗ್ರಾಂಟ್ ಸಿಕ್ಕಿ ಮನೆ ಎತ್ತರಿಸಿದ್ರೆ ನೆರೆಹೊರೆ ಬಿಡ್ಬೇಕಿಲ್ಲ, ಇನ್ಶೂರೆನ್ಸೂ ಸಾಮಾನ್ಯವಾಗಿ ಇಳಿಯತ್ತೆ, ಆದ್ರೆ ರೋಡ್ ಮುಳುಗೋದು ನಿಲ್ಲಲ್ಲ, ರಾತ್ರಿ ನೀರು ಬಂತು ಅಂದ್ರೆ ವಯಸ್ಸಾದೋರು ಮೇಲೇ ಸಿಕ್ಕಾಕ್ಕೋತಾರೆ, ಆಂಬುಲೆನ್ಸ್ ಹತ್ರಾನೂ ಬರಕ್ಕಾಗಲ್ಲ.

ರಾಜ್ಯದ ಬ್ಲೂ ಏಕರ್ಸ್ ಯೋಜನೆ 1995ರಿಂದ ಇದೆ. ಒಪ್ಪಿದೋರ ಮನೆ ಮಾತ್ರ ಕೊಂಡು, ಕೆಡವಿ, ಜಾಗಾನ ಶಾಶ್ವತವಾಗಿ ಖಾಲಿ ಬಿಡ್ತಾರೆ, ನೀರಿಗೆ ಹರಡಕ್ಕೆ ಜಾಗ ಸಿಗತ್ತೆ. ಬೀದಿಯವ್ರೆಲ್ಲ ಒಟ್ಟಿಗೆ ಮಾರಿದ್ರೆ ಇನ್ನೂ ಒಳ್ಳೇದು.

ಪದೇ ಪದೇ ಮುಳುಗೋ ಮನೆ ಆದ್ರೆ ನಾನಂತೂ ಮಾರಿ ಅಂತೀನಿ. ರೋಡ್ ಎತ್ತರದಲ್ಲಿದ್ದು ಮನೆಗೆ ಮಾತ್ರ ಸ್ವಲ್ಪ ನೀರು ನುಗ್ಗೋದಾದ್ರೆ ಎತ್ತರಿಸಿ.